ಮುಗಿಲೂ ನಗರವೂ ಒಂದೇ ಚೌಕಟ್ಟಿನಲ್ಲಿ

ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಹಳೆಯ ಲಾಕ್ಷಣಿಕರು ವಿಧಿಸಿದರು. ಆ ಪಟ್ಟಿಯಲ್ಲಿ ಪುರವರ್ಣನೆಯೂ ಉಂಟು, ಋತುವರ್ಣನೆಯೂ ಉಂಟು. ಆದರೆ ಎರಡಕ್ಕೂ ಬೇರೆ ಬೇರೆ ಎಡೆ. ಕವಿಯಾದವನು ಮೊದಲು ಕೋಟೆ, ಅಗಳು, ಉಪ್ಪರಿಗೆ, ಅಂಗಡಿಬೀದಿಗಳನ್ನು ಸಾವಧಾನವಾಗಿ ಬಣ್ಣಿಸಿ ಮುಗಿಸಿ, ಎಷ್ಟೋ ಪದ್ಯಗಳು ಕಳೆದ ಮೇಲೆ ಮಳೆಗಾಲವನ್ನು ಕರೆತರಬಹುದಾಗಿತ್ತು. ಊರಿನ ಮಾತು ನಡೆಯುವಾಗ ಆಕಾಶ ಸುಮ್ಮನಿರುತ್ತಿತ್ತು. ಆಕಾಶದ ಮಾತು ಬಂದಾಗ ಊರು ಸುಮ್ಮನಿರುತ್ತಿತ್ತು. ಕ್ಯಾಮೆರಾ ಹಿಡಿದವನಿಗೆ ಈ ಸೌಕರ್ಯವಿಲ್ಲ. ಮಳೆ ಕವಿದ ಸಂಜೆಯಲ್ಲಿ ಅವನು ನಗರದ ಎದುರು ನಿಂತನೆಂದರೆ ಪುರವೂ ಋತುವೂ ಒಂದೇ ಚೌಕಟ್ಟಿನೊಳಗೆ, ಒಂದೇ ಕ್ಷಣದಲ್ಲಿ, ಜಾಗಕ್ಕಾಗಿ ಜಗಳ ಹೂಡುತ್ತವೆ. ಆ ಜಗಳವನ್ನು ತೀರಿಸುವ ಬಗೆಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಛಾಯಾಗ್ರಹಣದ ಗೊಡವೆ ಏಕೆಂದು ತಾವು ಕೇಳಬಹುದು. ಹವ್ಯಾಸವೆಂಬ ಒಂದೇ ಮಾತು ಇದಕ್ಕೆ ಉತ್ತರ. ಇನ್ನೊಂದು ತೊಡಕೂ ಉಂಟು: ರೇಡಿಯೋದಲ್ಲಿ ಚಿತ್ರ ತೋರಿಸಲಾಗದು. ಆದ್ದರಿಂದ ಕೇಳುವವರು ತಮಗೆ ಚೆನ್ನಾಗಿ ಪರಿಚಯವಿರುವ ಒಂದು ಬೀದಿಯನ್ನೂ ಅದರ ತುದಿಯಲ್ಲಿ ಭರಣಿ ಮಳೆಯ ಒಂದು ಕಾರ್ಮುಗಿಲನ್ನೂ ನೆನೆದುಕೊಂಡರೆ ನನ್ನ ಕೆಲಸ ಅರ್ಧ ಹಗುರವಾದೀತು.

ಮೊದಲು ವಿಶಾಲಕೋನ ಮಸೂರದ ಸ್ವಭಾವವನ್ನು ತಿಳಿಯೋಣ. 35 ಮಿಲಿಮೀಟರ್ ಫಿಲಮ್ಮಿನ ಕ್ಯಾಮೆರಾದ ಲೆಕ್ಕದಲ್ಲಿ ಹೇಳುವುದಾದರೆ, 50 ಮಿ.ಮೀ. ಸಂಗಮದೂರದ ಸಾಧಾರಣ ಮಸೂರ ಅಡ್ಡಗಲದಲ್ಲಿ ಸುಮಾರು 40 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. 28 ಮಿ.ಮೀ. ಮಸೂರ 65 ಡಿಗ್ರಿಯನ್ನು, 24 ಮಿ.ಮೀ. ಮಸೂರ 74 ಡಿಗ್ರಿಯನ್ನು, 20 ಮಿ.ಮೀ. ಮಸೂರ 84 ಡಿಗ್ರಿಯನ್ನು ಹಿಡಿಯುತ್ತವೆ. ಹಿಂದೆ ಇಂಥ ಮಸೂರವನ್ನು ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳಬೇಕಾಗಿತ್ತು. ಇಂದು ಬಹುಮಂದಿಯ ಜೇಬಿನಲ್ಲಿರುವ ಮೊಬೈಲ್ ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 28ರ ಆಸುಪಾಸಿನದು. ಎಂದರೆ, ತಮಗೆ ತಿಳಿಯದೆಯೇ ಎಲ್ಲರೂ ವಿಶಾಲಕೋನದ ಛಾಯಾಗ್ರಾಹಕರಾಗಿದ್ದಾರೆ.

ಈ ಔದಾರ್ಯಕ್ಕೆ ಒಂದು ಬೆಲೆಯಿದೆ. ಹೆಚ್ಚು ನೋಟವನ್ನು ಅಷ್ಟೇ ಕಾಗದದಲ್ಲಿ ತುಂಬಬೇಕಾದಾಗ ಪ್ರತಿಯೊಂದು ವಸ್ತುವೂ ಕುಗ್ಗಲೇಬೇಕು. ದೂರದ ಗುಮ್ಮಟವೊಂದು 50 ಮಿ.ಮೀ. ಮಸೂರದಲ್ಲಿ ಎಷ್ಟು ದೊಡ್ಡದಾಗಿ ಬೀಳುತ್ತದೆಯೋ 24ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಮೋಡಕ್ಕೂ ಇದೇ ಗತಿ. ಬಯಲಿನಲ್ಲಿ ನಿಂತವನ ಎದೆ ನಡುಗಿಸಿದ ಮುಗಿಲು ಚಿತ್ರದಲ್ಲಿ ಮಸಿಯ ಒಂದು ಕಲೆಯಾಗಿ ಉಳಿದಿರುತ್ತದೆ. ಅದರ ಕೆಳಗೆ ಯಾರಿಗೂ ಬೇಡವಾದ ಡಾಂಬರು ರಸ್ತೆ ಮೈದಾನದಂತೆ ಹರಡಿಕೊಂಡಿರುತ್ತದೆ. ಮಳೆಯ ಚಿತ್ರ ತೆಗೆದವರೆಲ್ಲ ಈ ನಿರಾಶೆಯನ್ನು ಬಲ್ಲರು. ಕಣ್ಣು ನೋಡುವಾಗ ಮನಸ್ಸು ತನಗೆ ಬೇಕಾದುದನ್ನು ಹಿಗ್ಗಿಸಿಕೊಳ್ಳುತ್ತದೆ, ಬೇಡದ್ದನ್ನು ಬದಿಗೆ ಸರಿಸುತ್ತದೆ. ಮಸೂರಕ್ಕೆ ಮನಸ್ಸಿಲ್ಲ. ಆದುದರಿಂದ ಮನಸ್ಸು ಮಾಡುತ್ತಿದ್ದ ಕೆಲಸವನ್ನು ಛಾಯಾಗ್ರಾಹಕನ ಕಾಲು ಮಾಡಬೇಕಾಗುತ್ತದೆ. ವಸ್ತುಗಳ ಹಿರಿದು ಕಿರಿದನ್ನು ನಿರ್ಣಯಿಸುವುದು ನಿಂತ ಜಾಗ. ಹತ್ತು ಹೆಜ್ಜೆ ಮುಂದಕ್ಕೆ ಹೋದರೆ ಹತ್ತಿರದ ಮರ ದುಪ್ಪಟ್ಟಾಗಬಹುದು. ಒಂದು ಮೈಲಿ ಆಚೆಯ ಗೋಪುರ ಇದ್ದಷ್ಟೇ ಇರುತ್ತದೆ. ಸಮೀಪದಲ್ಲಿ ಗಟ್ಟಿಯಾದ ವಸ್ತುವೊಂದು ಇಲ್ಲದ ವಿಶಾಲಕೋನ ಚಿತ್ರ ಪೀಠಿಕೆಯಿಲ್ಲದ ಪ್ರಬಂಧದಂತೆ. ಒಳಗೆ ಹೋಗಲು ಬಾಗಿಲೇ ಕಾಣದು.

ಎರಡನೆಯ ತೊಡಕು ಕಟ್ಟಡಗಳದು. ಆಕಾಶ ಹೆಚ್ಚು ಬೇಕೆಂದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದೊಡನೆ ನೆಟ್ಟಗೆ ನಿಂತ ಕಂಬಗಳೂ ಗೋಡೆಗಳೂ ಒಂದರ ಕಡೆಗೊಂದು ವಾಲಿಕೊಳ್ಳುತ್ತವೆ. ಕೋನ ವಿಶಾಲವಾದಷ್ಟೂ ಈ ವಾಲಾಟ ಹೆಚ್ಚು. ಕೆಲವರು ಇದನ್ನೇ ನಾಟಕೀಯತೆಯೆಂದು ಮೆಚ್ಚುತ್ತಾರೆ. ನನಗೆ ಮಾತ್ರ, ಸಿಡಿಲಿನ ಮೋಡದ ಕೆಳಗೆ ಊರು ನೆಟ್ಟಗೆ ನಿಂತಿರುವುದೇ ಹೆಚ್ಚು ನಾಟಕೀಯವಾಗಿ ಕಾಣುತ್ತದೆ. ನೆಟ್ಟಗೆ ನಿಲ್ಲಿಸಬೇಕಾದರೆ ಕ್ಯಾಮೆರಾ ನೆಲಕ್ಕೆ ಸಮನಾಗಿರಬೇಕು; ಹಾಗೆ ಹಿಡಿದರೆ ದಿಗಂತ ಚಿತ್ರದ ನಟ್ಟನಡುವೆ ಬಂದು ಕೂರುತ್ತದೆ, ಕೆಳಗಿನ ಅರ್ಧವೆಲ್ಲ ನೆಲದ ಪಾಲಾಗುತ್ತದೆ. ತಿದಿಯಿದ್ದ ಹಳೆಯ ಕಾಲದ ದೊಡ್ಡ ಕ್ಯಾಮೆರಾಗಳಲ್ಲಿ ಮಸೂರವನ್ನಷ್ಟೇ ಮೇಲಕ್ಕೆ ಸರಿಸುವ ಅನುಕೂಲವಿತ್ತು; ಇಂದಿಗೂ ಹಾಗೆ ಸರಿಯುವ ಮಸೂರಗಳು ಇವೆ, ಬೆಲೆ ಮಾತ್ರ ನಿವೃತ್ತಿವೇತನಕ್ಕೆ ಎಟುಕುವಂಥದ್ದಲ್ಲ. ಬಡವನ ಉಪಾಯವೆಂದರೆ ಕ್ಯಾಮೆರಾವನ್ನು ಸಮನಾಗಿಯೇ ಹಿಡಿದು, ತೆಗೆದ ಚಿತ್ರದ ಕೆಳಭಾಗವನ್ನು ಆಮೇಲೆ ಕತ್ತರಿಸುವುದು. ಇಲ್ಲವೇ ಮಳೆ ನಿಲ್ಲುವವರೆಗೆ ಕಾಯುವುದು. ನೀರು ನಿಂತ ಡಾಂಬರು ಆಕಾಶವನ್ನು ಕೊಂಚ ಮಬ್ಬಾಗಿ ಹಿಂದಿರುಗಿಸುತ್ತದೆ. ಅಲ್ಲಿಯವರೆಗೆ ಹೊರೆಯಾಗಿದ್ದ ಕೆಳಗಿನ ಅರ್ಧ ಎರಡನೆಯ ಆಕಾಶವಾಗುತ್ತದೆ. ಕ್ಯಾಮೆರಾವನ್ನು ಮೊಣಕಾಲ ಎತ್ತರಕ್ಕೆ ಇಳಿಸಿದಷ್ಟೂ ಈ ಪ್ರತಿಬಿಂಬ ಹಿಗ್ಗುತ್ತದೆ.

ದಿಗಂತ ಎಲ್ಲಿರಬೇಕೆಂಬ ಪ್ರಶ್ನೆಯನ್ನು ಕ್ಯಾಮೆರಾ ಹುಟ್ಟುವುದಕ್ಕೆ ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ಹಾಲೆಂಡಿನ ಚಿತ್ರಕಾರರು ಬಗೆಹರಿಸಿದ್ದರು. ಅವರ ನಾಡು ಚಪ್ಪಟೆ, ಗುಡ್ಡವಿಲ್ಲ, ಬೆಟ್ಟವಿಲ್ಲ, ಇದ್ದದ್ದು ಆಕಾಶ. ಯಾಕೋಬ್ ವಾನ್ ರೌಸ್‌ಡಾಲ್ 1670ರ ದಶಕದಲ್ಲಿ ಬರೆದ ಹಾರ್ಲೆಂ ನಗರದ ನೋಟಗಳಲ್ಲಿ ಚಿತ್ರದ ಮೂರರಲ್ಲಿ ಎರಡು ಪಾಲು ಮೋಡವೇ. ಊರು ದಿಗಂತದ ಮೇಲೆ ಒಂದು ಗೆರೆಯಷ್ಟು. ಅದರ ನಡುವೆ ಸಂತ ಬಾವೋ ಚರ್ಚಿನ ಮೈ ಎದ್ದು ನಿಂತಿದೆ. ಆದರೂ ನೋಡುವವನಿಗೆ ಊರು ಸಣ್ಣದೆಂದು ತೋರುವುದಿಲ್ಲ. ಕಾರಣವೇನೆಂದರೆ, ಮೋಡಗಳ ಸಂದಿನಿಂದ ಇಳಿದ ಬಿಸಿಲು ಮುಂದಿನ ಬಯಲಿನಲ್ಲಿ ಒಣಹಾಕಿದ ಬಿಳಿಯ ಬಟ್ಟೆಗಳ ಮೇಲೆ ಬಿದ್ದಿದೆ, ಆಮೇಲಿನ ಪಟ್ಟಿ ನೆರಳು, ಅದರಾಚೆ ಮತ್ತೆ ಬಿಸಿಲು. ಮೋಡ ಮೇಲೆ ಮಾಡುತ್ತಿರುವುದನ್ನು ನೆಲ ಕೆಳಗೆ ತೋರಿಸುತ್ತಿದೆ. ಇದಕ್ಕೆ ಹತ್ತು ವರ್ಷ ಹಿಂದಿನದು ವರ್ಮೀರನ ಡೆಲ್ಫ್ಟ್ ನೋಟ. ಅಲ್ಲಿ ಕಪ್ಪುಮೋಡ ಚಿತ್ರದ ನೆತ್ತಿಯಲ್ಲಿದೆ. ನೀರಿನ ಅಂಚಿನ ಮನೆಗಳು ನೆರಳಿನಲ್ಲಿವೆ. ಹಿಂದಿನ ಹೆಂಚುಗಳೂ ಚರ್ಚಿನ ಗೋಪುರವೂ ಬೆಳಗುತ್ತಿವೆ. ಕಣ್ಣು ನೆರಳನ್ನು ದಾಟಿಕೊಂಡು ಒಳಗೆ ಹೋಗುತ್ತದೆ.

ಈ ಚಿತ್ರಗಳನ್ನು ನೋಡಿದಾಗ ಒಂದು ಸಂಗತಿ ಮನದಟ್ಟಾಗುತ್ತದೆ. ಆಕಾಶ ಚಿತ್ರದ ಹಿಂದೆ ಇಳಿಬಿಟ್ಟ ಪರದೆಯಲ್ಲ. ಚಿತ್ರವನ್ನು ಬೆಳಗುವ ದೀಪ. ಊರಿನ ಒಂದೊಂದು ಗೋಡೆಯ ಮೇಲಿನ ಬೆಳಕೂ ಆ ಆಕಾಶದಿಂದ, ಆ ಗಳಿಗೆಯಲ್ಲಿ ಬಂದದ್ದು. ಸಂಯೋಜನೆಯ ಮಿಕ್ಕ ಸೂತ್ರಗಳೆಲ್ಲ ಇದಕ್ಕೆ ಅಡಿಟಿಪ್ಪಣಿಗಳೆಂದೇ ನನ್ನ ಭಾವನೆ.

ಬೆಂಗಳೂರಿನ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ವಿಧಾನಸೌಧವೂ ಅಠಾರಾ ಕಚೇರಿಯೂ ಒಂದೇ ರಸ್ತೆಯ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತಿವೆ. 1956ರಲ್ಲಿ ಮುಗಿದ ಬೆಳ್ಗಲ್ಲಿನ ಸೌಧ ಪೂರ್ವಕ್ಕೆ ಮುಖಮಾಡಿದೆ. 1868ರ ಕೆಂಪು ಕಚೇರಿ ಪಶ್ಚಿಮಕ್ಕೆ. ನಡುವೆ ನಿಂತವನಿಗೆ ಇದು ಒಂದು ದೊಡ್ಡ ಗಡಿಯಾರದಂತೆ. ಬೆಳಗಿನ ಹೊತ್ತು ಪೂರ್ವ ತೆರೆದು, ಪಶ್ಚಿಮದಲ್ಲಿ ಮೋಡ ಕವಿದಿದ್ದರೆ ವಿಧಾನಸೌಧದ್ದೇ ಸರದಿ: ಅದರ ಕಂಬಸಾಲಿನ ಮೇಲೆ ಎಳೆಬಿಸಿಲು, ಬೆನ್ನಿಗೆ ಬೂದಿಬಣ್ಣದ ಮುಗಿಲು. ಬೇಸಗೆಯ ಸಂಜೆ ಮೋಡ ಪೂರ್ವದಲ್ಲಿ ಕಟ್ಟಿ ಪಶ್ಚಿಮ ಬಿಚ್ಚಿಕೊಂಡಿದ್ದರೆ ಸರದಿ ಕಚೇರಿಯದು. ಮಾಮೂಲಿನ ದಿನ ಸುಮ್ಮನೆ ಕೆಂಪಗಿರುವ ಆ ಗೋಡೆ ಸೀಸದ ಬಣ್ಣದ ಆಕಾಶಕ್ಕೆ ಎದುರಾಗಿ ಕೆಂಡದಂತೆ ಕಾಣುತ್ತದೆ. ಮೇ ಮೊದಲಲ್ಲಿ ಬೆಂಗಳೂರಿನ ಸೂರ್ಯ ಮುಳುಗುವುದು ಸಂಜೆ ಆರೂವರೆ ದಾಟಿದ ಮೇಲೆ. ನಮ್ಮ ಸೀಮೆಯಲ್ಲಿ ಅವನು ಓರೆಯಾಗಿ ಜಾರದೆ ಬಹುಮಟ್ಟಿಗೆ ನೆಟ್ಟಗೆ ಇಳಿಯುವುದರಿಂದ ನಾಲ್ಕು ನಿಮಿಷಕ್ಕೊಂದು ಡಿಗ್ರಿಯಷ್ಟು ಕೆಳಗೆ ಹೋಗುತ್ತಾನೆ. ಅವನು ತಗ್ಗಿದಂತೆ ಎದುರಿನ ಸೌಧದ ನೆರಳು ರಸ್ತೆಯನ್ನು ದಾಟಿ ಕಚೇರಿಯ ಕಡೆಗೆ ಚಾಚಿಕೊಳ್ಳುತ್ತದೆ. ಇತಿಹಾಸ ಬಲ್ಲವರು ಇದರಲ್ಲಿ ಧ್ವನಿಯನ್ನು ಹುಡುಕಬಹುದು. ನಾನು ಅಲ್ಲಿಗೆ ಹೋಗುವುದಿಲ್ಲ.

ಇಲ್ಲಿ ಒಂದು ತಾಂತ್ರಿಕ ಸಮಾಧಾನವೂ ಇದೆ. ಸಾಮಾನ್ಯವಾಗಿ ಆಕಾಶ ನೆಲಕ್ಕಿಂತ ಎಷ್ಟೋ ಪಾಲು ಬೆಳಕಾಗಿರುತ್ತದೆ. ಮೋಡಕ್ಕೆ ಅಳತೆಯಿಟ್ಟರೆ ಊರು ಇದ್ದಿಲಾಗುತ್ತದೆ. ಊರಿಗೆ ಅಳತೆಯಿಟ್ಟರೆ ಮೋಡ ಸುಣ್ಣವಾಗುತ್ತದೆ. ಸೂರ್ಯ ಬೆನ್ನಿಗಿದ್ದು ಕಾರ್ಮುಗಿಲು ಎದುರಿಗಿದ್ದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಗೋಡೆಯೇ ಆಕಾಶಕ್ಕಿಂತ ಹೆಚ್ಚು ಬೆಳಗುತ್ತದೆ. ಎರಡೂ ಒಂದೇ ಅಳತೆಗೆ ಒಗ್ಗುತ್ತವೆ. ಗಳಿಗೆ ಕೂಡಿಬಂದರೆ ಉಪಕರಣದ ಸಾಹಸ ಬೇಕಾಗುವುದಿಲ್ಲ.

ಕಾಮನಬಿಲ್ಲು ಮೂಡುವುದೂ ಇದೇ ದಿಕ್ಕಿನಲ್ಲಿ, ಸೂರ್ಯನಿಗೆ ಬೆನ್ನು ಕೊಟ್ಟವನ ಎದುರಿಗೆ. ಬಿಲ್ಲಿನ ಅರ್ಧವ್ಯಾಸ ಸುಮಾರು 42 ಡಿಗ್ರಿ. ಆದ್ದರಿಂದ ಸೂರ್ಯ ಅದಕ್ಕಿಂತ ಮೇಲಿದ್ದಾಗ ಸಮನೆಲದಲ್ಲಿ ನಿಂತವನಿಗೆ ಬಿಲ್ಲು ಕಾಣಿಸದು. ಮುಳುಗುವ ಹೊತ್ತಿಗೆ ಪೂರ್ತಿ ಅರ್ಧವೃತ್ತ, ತುದಿಯಿಂದ ತುದಿಗೆ 84 ಡಿಗ್ರಿ. ಮೇಲೆ ಹೇಳಿದ 20 ಮಿ.ಮೀ. ಮಸೂರದ ಅಡ್ಡಗಲವೂ 84 ಡಿಗ್ರಿ ಎಂಬುದನ್ನು ನೆನೆದರೆ, ಬಿಲ್ಲು ಎರಡು ಅಂಚುಗಳನ್ನು ಮುಟ್ಟಿಕೊಂಡು ಕೂರುವುದು ತಿಳಿಯುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಒಂದು ಕಾಲನ್ನು ಬಿಡಲೇಬೇಕು. ಯಾವ ಕಾಲನ್ನು ಬಿಡುವುದು, ಉಳಿದ ಕಾಲನ್ನು ಯಾವ ಮಾಳಿಗೆಯ ಮೇಲೆ ಊರಿಸುವುದು ಎಂಬುದರಲ್ಲಿಯೇ ಸಂಯೋಜನೆ ಇದೆ.

ಇನ್ನು ಕಾಲದ ಮಾತು. ಊರು ಅಲುಗದು, ಆಕಾಶ ನಿಲ್ಲದು. ಮೋಡದ ಹಿಂದೆ ಓಡಾಡಿ ಚಿತ್ರ ತೆಗೆಯುವವನಿಗೆ ಮೋಡವೂ ದಕ್ಕುವುದಿಲ್ಲ, ಊರೂ ದಕ್ಕುವುದಿಲ್ಲ. ನಿಲ್ಲುವ ಜಾಗವನ್ನು ಬಿಸಿಲಿರುವ ದಿನವೇ ಹೋಗಿ ನೋಡಿಟ್ಟುಕೊಂಡಿರಬೇಕು: ಹತ್ತಿರ ಯಾವ ವಸ್ತು, ದೂರ ಯಾವ ಗೋಪುರ, ತಂತಿ ಎಲ್ಲಿ ಅಡ್ಡ ಬರುತ್ತದೆ, ಜಾಹೀರಾತಿನ ಫಲಕ ಎಲ್ಲಿದೆ. ಚೌಕಟ್ಟು ಹೀಗೆ ಮೊದಲೇ ನಿಶ್ಚಯವಾದ ಮೇಲೆ ಉಳಿಯುವುದು ಕಾಯುವ ಕೆಲಸ. ರಂಗ ಸಿದ್ಧವಾಗಿದೆ, ಪಾತ್ರ ಪ್ರವೇಶಿಸಬೇಕು.

ಆ ಪಾತ್ರದ ಗತಿಯನ್ನು ತಿಳಿದಿರುವುದು ಒಳ್ಳೆಯದು. ಹವಾಮಾನ ಶಾಸ್ತ್ರಜ್ಞರು ಕ್ಯುಮುಲೋನಿಂಬಸ್ ಎಂದು ಕರೆಯುವ ಗುಡುಗುಮೋಡ ನಮ್ಮ ಪ್ರದೇಶದಲ್ಲಿ 15 ಕಿಲೋಮೀಟರ್ ಎತ್ತರಕ್ಕೂ ಬೆಳೆಯಬಲ್ಲದು. ಅದು 40 ಕಿಲೋಮೀಟರ್ ಆಚೆಯಿದ್ದಾಗ ಅದರ ನೆತ್ತಿ ದಿಗಂತದಿಂದ ಸುಮಾರು 20 ಡಿಗ್ರಿ ಮೇಲಿರುತ್ತದೆ. 24 ಮಿ.ಮೀ. ಮಸೂರದ ಕ್ಯಾಮೆರಾವನ್ನು ಅಡ್ಡಲಾಗಿ, ಸಮನಾಗಿ ಹಿಡಿದರೆ ಅದು ಮೇಲ್ಗಡೆ 26 ಡಿಗ್ರಿಯವರೆಗೆ ಕಾಣುವುದರಿಂದ ಇಡೀ ಮೋಡ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿದ ನೆತ್ತಿಯ ಸಮೇತ, ಊರಿನ ಮೇಲೆ ಸಲೀಸಾಗಿ ಕೂರುತ್ತದೆ. ಅದೇ ಮೋಡ 20 ಕಿಲೋಮೀಟರಿಗೆ ಬಂದಾಗ ನೆತ್ತಿ 37 ಡಿಗ್ರಿಗೆ ಏರಿರುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಮಾತ್ರ ಅಂಚಿನವರೆಗೆ ಹಿಡಿಸೀತು. ಇನ್ನೂ ಹತ್ತಿರ ಬಂದರೆ ಅದು ಆಕಾರವಾಗಿ ಉಳಿಯುವುದಿಲ್ಲ, ಛಾವಣಿಯಾಗುತ್ತದೆ. ಹೀಗಾಗಿ ಮೋಡದ ಚಿತ್ರ ಬೇಕೆನ್ನುವವರು ಬೇಗ ಬರಬೇಕು, ಎತ್ತರದಲ್ಲಿ ನಿಲ್ಲಬೇಕು. ಮೋಡದ ಕೆಳಗಿನ ಊರು ಬೇಕೆನ್ನುವವರು ಕೆಳಗೆ ಬೀದಿಯಲ್ಲಿ ಕಾಯಬೇಕು.

ಒಂಟಿ ಗುಡುಗುಮೋಡವೊಂದರ ಬಾಳು ಅರ್ಧ ಗಂಟೆಯಿಂದ ಒಂದು ಗಂಟೆ. ಮಳೆಗೆ ಮುಂಚೆ ತಣ್ಣನೆಯ ಬಿರುಗಾಳಿ ಮುಂದಾಗಿ ನುಗ್ಗಿ ಬರುತ್ತದೆ. ಧೂಳು ಏಳುತ್ತದೆ, ಮರಗಳು ಒಂದೇ ಕಡೆಗೆ ಬಾಗುತ್ತವೆ, ಮೋಡದ ತಳಭಾಗ ಅಲಗಿನಂತೆ ಒಂದು ಗೆರೆಯಾಗಿ ಊರಿನ ಮೇಲೆ ಸರಿಯುತ್ತದೆ. ಆ ಗೆರೆಗೂ ಮಾಳಿಗೆಗಳ ಸಾಲಿಗೂ ನಡುವೆ ಬೆಳಕಿನ ಒಂದು ಸಂದು ಉಳಿದಿರುತ್ತದಲ್ಲ, ಅದೇ ಚಿತ್ರದ ಜೀವ. ಸಂದು ಮುಚ್ಚಿತೆಂದರೆ ಎಲ್ಲವೂ ಒಂದೇ ಬೂದು. ಜಡಿಮಳೆಯ ನಡುವೆ ತೆಗೆದ ವಿಶಾಲಕೋನ ಚಿತ್ರಗಳು ಸಾಮಾನ್ಯವಾಗಿ ನೀರಸವಾಗಿರುತ್ತವೆ, ಏಕೆಂದರೆ ದೂರವೆಂಬುದೇ ಆಗ ಇರುವುದಿಲ್ಲ. ಮಳೆ ಆಚೆಗೆ ಸರಿದು ಇಳಿಬಿಸಿಲು ಕೆಳಗಿನಿಂದ ನುಸುಳಿದಾಗ ಮತ್ತೆ ಕ್ಯಾಮೆರಾ ತೆಗೆಯಬೇಕು. ನನ್ನ ಅನುಭವದಲ್ಲಿ ಮುಂಚಿನ ಹತ್ತು ನಿಮಿಷ, ಆಮೇಲಿನ ಹತ್ತು ನಿಮಿಷ; ನಡುವೆ ಕಾಫಿಗೆ ಹೋಗಬಹುದು.

ಹೋಗಲೂ ಬೇಕು. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಎತ್ತರದ ಬಯಲು ಜಾಗ ಚಿತ್ರಕ್ಕೆ ಎಷ್ಟು ಒಳ್ಳೆಯದೋ ಸಿಡಿಲಿಗೂ ಅಷ್ಟೇ ಒಳ್ಳೆಯದು. ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ನಿಂತರೆ ನಗರ ಸುತ್ತಲೂ ಕಾಣುತ್ತದೆ. ಮಳೆಯಾದ ಮೇಲೆ ಆ ಪುರಾತನ ಶಿಲೆಯ ತಗ್ಗುಗಳಲ್ಲಿ ನಿಂತ ನೀರು ಮುಗಿಲನ್ನು ಹಿಡಿದಿಟ್ಟುಕೊಂಡು, ವಿಶಾಲಕೋನ ಚಿತ್ರ ಬಯಸುವ ಸಮೀಪದ ವಸ್ತುವನ್ನು ಒದಗಿಸುತ್ತದೆ. ಆದರೆ ಗುಡುಗುವಾಗ ಅಲ್ಲಿ ಮೂರುಕಾಲಿನ ನಿಲುವನ್ನು ನೆಟ್ಟು ನಿಲ್ಲುವುದು ಅವಿವೇಕ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ ಮೂವತ್ತರೊಳಗೆ ಬಂತೆಂದರೆ ಕಟ್ಟಡದ ಒಳಗೆ ಸೇರಬೇಕು. ಮರದ ಕೆಳಗೆ ಕೂಡದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬಾರದು. ಮಿಂಚಿನ ಚಿತ್ರ ಬೇಕೇಬೇಕು ಎನ್ನುವವರು ಕಿಟಕಿಯ ಒಳಗಿನಿಂದ ತೆಗೆಯಲಿ. ಅರ್ಧ ಗಂಟೆಯ ನಿಯಮದಿಂದ ಎಷ್ಟೋ ಒಳ್ಳೆಯ ಬೆಳಕು ಕೈತಪ್ಪುತ್ತದೆ, ತಪ್ಪಲಿ.

ಬಣ್ಣದ ಗಾಜುಗಳ ವಿಷಯ ಎರಡು ಮಾತು ಸಾಕು. ಕಪ್ಪುಬಿಳುಪಿನಲ್ಲಿ ಕೆಲಸ ಮಾಡುವವರು ಆಕಾಶವನ್ನು ಕಪ್ಪಾಗಿಸಲು ಕೆಂಪು ಗಾಜನ್ನು ಹಾಕುತ್ತಾರೆ. ಅದು ನೀಲಿಯನ್ನಷ್ಟೇ ಕುಂದಿಸುತ್ತದೆ. ಬೂದುಮೋಡ ಅದಕ್ಕೆ ಜಗ್ಗುವುದಿಲ್ಲ. ಮೇಲೆ ಕಪ್ಪಾಗಿ ಕೆಳಗೆ ತಿಳಿಯಾಗಿರುವ ಗಾಜೂ ಉಂಟು. ಸಮುದ್ರತೀರಕ್ಕೆ ಸರಿ, ನಗರದಲ್ಲಿ ದಿಗಂತ ಗೆರೆಯಾಗಿರದೆ ಹಲ್ಲುಹಲ್ಲಾಗಿರುವುದರಿಂದ ಮೋಡದ ಜೊತೆಗೆ ಗುಮ್ಮಟದ ತಲೆಗೂ ಮಸಿ ಬಳಿಯುತ್ತದೆ. ಮೊಬೈಲ್ ಫೋನು ಹಲವು ಚಿತ್ರಗಳನ್ನು ತಾನೇ ಬೆಸೆದು ಕತ್ತಲೆಯನ್ನು ತಿಳಿಮಾಡಿ, ಬೆಳಕನ್ನು ತಗ್ಗಿಸಿ, ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಬಿರುಮಳೆಯ ಸ್ವಾರಸ್ಯವಿರುವುದೇ ಆ ಅಸಮದಲ್ಲಿ. ಫೋನಿನ ತೆರೆಯ ಮೇಲೆ ಮೋಡದ ಬೆಳಕಾದ ಅಂಚನ್ನು ಬೆರಳಿನಿಂದ ಮುಟ್ಟಿದರೆ ಅಳತೆ ಅಲ್ಲಿಗೆ ನಿಂತು, ಮುಗಿಲಿನ ಗಾಂಭೀರ್ಯ ಸ್ವಲ್ಪವಾದರೂ ಉಳಿಯುತ್ತದೆ.

ಈಗ, ನನ್ನ ಮನಸ್ಸಿನಲ್ಲಿ ಬಹುದಿನದಿಂದ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಮೋಡವನ್ನು ಊರಿನ ಜೊತೆಗೆ ಹಿಡಿಯುವುದೇ ದುಸ್ಸಾಧ್ಯವಾಗಿತ್ತು. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಫಲಕ ನೀಲಿ ಬೆಳಕಿಗೆ ಮಾತ್ರ ತೀವ್ರವಾಗಿ ಸ್ಪಂದಿಸುತ್ತಿತ್ತು. ಕಟ್ಟಡ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶವೆಲ್ಲ ಬಿಳಿಯ ಬರಿಹಾಳೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಹೊತ್ತಿಗೆ ತನ್ನ ಸಮುದ್ರದ ಚಿತ್ರಗಳಲ್ಲಿ ಇದಕ್ಕೊಂದು ಉಪಾಯ ಹೂಡಿದ. ಸಮುದ್ರಕ್ಕೆ ಒಂದು ಫಲಕ, ಆಕಾಶಕ್ಕೆ ಇನ್ನೊಂದು. ದಿಗಂತದಲ್ಲಿ ಎರಡನ್ನೂ ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚು. ಬೇರೆ ಬೇರೆ ಸಮುದ್ರಗಳ ಮೇಲೆ ಅವನು ಒಂದೇ ಆಕಾಶವನ್ನು ಹೊದಿಸಿರುವುದೂ ಉಂಟು. ನಮ್ಮ ನಾಡಿಗೂ ಈ ಕಥೆಯ ನಂಟಿದೆ. ಈಸ್ಟ್ ಇಂಡಿಯಾ ಕಂಪೆನಿಯ ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರಲ್ಲಿ ಬೇಲೂರು ಹಳೇಬೀಡುಗಳ ಚಿತ್ರ ತೆಗೆದವನು. ಮರುವರ್ಷ ಬರ್ಮಾಕ್ಕೆ ಹೋಗಿ, ಅಲ್ಲಿ ತೆಗೆದ ಚಿತ್ರಗಳ ಅಚ್ಚುಗಳನ್ನು ಬೆಂಗಳೂರಿನಲ್ಲಿ ಸಿದ್ಧಪಡಿಸಿದ. ಅವನು ತನ್ನ ನೆಗೆಟಿವ್‌ಗಳ ಬರಿದಾದ ಆಕಾಶಕ್ಕೆ ಕುಂಚದಿಂದ ಮೋಡಗಳನ್ನು ಬರೆಯುತ್ತಿದ್ದ. ಆತನನ್ನು ಸುಳ್ಳುಗಾರನೆನ್ನಲು ನನಗೆ ಬಾಯಿ ಬಾರದು. ಫಲಕಕ್ಕೆ ಕಾಣದಿದ್ದುದನ್ನು ಕಣ್ಣು ಕಂಡಿತ್ತು. ಕುಂಚ ಆ ಕೊರತೆಯನ್ನು ತುಂಬಿತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣಗಳ ಲೇಪದಿಂದ ಫಲಕವನ್ನು ಹಸಿರಿನ ಕಡೆಗೂ ಎಚ್ಚರಿಸಬಹುದೆಂದು ಕಂಡುಹಿಡಿದ. 1906ರಲ್ಲಿ ಎಲ್ಲ ಬಣ್ಣಗಳಿಗೂ ಓಗೊಡುವ ಫಲಕಗಳು ಮಾರಾಟಕ್ಕೆ ಬಂದವು. ಅಲ್ಲಿಗೆ ಆ ನೆಪ ತೀರಿತು.

ನೆಪ ತೀರಿದರೂ ಅಭ್ಯಾಸ ತೀರಲಿಲ್ಲ. 2020ರಲ್ಲಿ ಫೋಟೋಶಾಪ್ ತಂತ್ರಾಂಶಕ್ಕೆ ಆಕಾಶವನ್ನು ಬದಲಿಸುವ ಅನುಕೂಲವೇ ಸೇರಿಕೊಂಡಿತು. ಮಟಮಟ ಮಧ್ಯಾಹ್ನದ ಬೀದಿಯ ಮೇಲೆ ಎಲ್ಲಿಯದೋ ಕಾರ್ಮುಗಿಲನ್ನು ಒಂದು ಬೆರಳಿನಿಂದ ಹೊದಿಸಬಹುದು. ಟ್ರೈಪನ ಕುಂಚಕ್ಕೂ ಇದಕ್ಕೂ ಇರುವ ಅಂತರವನ್ನು ಹೇಳಬೇಕು. ಅಂದು ಇಲ್ಲವಾದ ಆಕಾಶವನ್ನು ಸೇರಿಸಿದರು. ಇಂದು ಇದ್ದ ಆಕಾಶವನ್ನು ಅಳಿಸುತ್ತಾರೆ. ನೀತಿಯ ಮಾತನ್ನು ಬದಿಗಿಟ್ಟು ಕಣ್ಣಿನ ಮಾತನ್ನೇ ಆಡೋಣ. ದೀಪ ಬದಲಾದ ಮೇಲೆ ಬೆಳಕು ಬದಲಾಗಬೇಡವೆ? ಮೋಡ ಮುಚ್ಚಿದ ಆಕಾಶದ ಕೆಳಗೆ ತಂತಿಕಂಬದ ನೆರಳು ಚೂಪಾಗಿ ಬಿದ್ದಿರುತ್ತದೆ; ಬಲಗಡೆ ಸೂರ್ಯಾಸ್ತ, ಗೋಡೆ ಬೆಳಗುವುದು ಎಡಗಡೆ; ರಸ್ತೆಯ ನೀರಿನಲ್ಲಿ ಬೇರೊಂದು ಆಕಾಶ. ನೋಡುವವನಿಗೆ ಏನು ಕೆಟ್ಟಿತೆಂದು ಹೇಳಲು ಬಾರದಿದ್ದರೂ ಏನೋ ಕೆಟ್ಟಿದೆಯೆಂದು ತಿಳಿದುಬಿಡುತ್ತದೆ. ಬೇರೆ ವೃತ್ತದ ಒಂದು ಪಾದವನ್ನು ಕಂದಪದ್ಯದೊಳಗೆ ತೂರಿಸಿದರೆ ಛಂದಸ್ಸು ಓದದವನ ಕಿವಿಯೂ ಮುಗ್ಗರಿಸುವುದಿಲ್ಲವೆ? ಹಾಗೆಯೇ ಇದು.

ಇದರ ಜೊತೆಗೆ ಸಾಕ್ಷ್ಯದ ಪ್ರಶ್ನೆಯೂ ಇದೆ. ನಗರದ ಮೇಲಿನ ಮಳೆ ಕೇವಲ ಸೌಂದರ್ಯದ ವಸ್ತುವಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ನೀರಿನಲ್ಲಿ ನಿಂತುದನ್ನು ಮರೆತವರಿಲ್ಲ. ಅಂಥ ದಿನದ ಚಿತ್ರವನ್ನು ಮುಂದೆ ಯಾರಾದರೂ ನೋಡಿ, ಅಂದು ಮೋಡ ಯಾವ ದಿಕ್ಕಿನಲ್ಲಿತ್ತು, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇ��ುವ ಹೊತ್ತು ಬಂದೀತು. ಹೆಚ್ಚು ಚೆಲುವಿಗಾಗಿ ಆಕಾಶವನ್ನು ಬದಲಿಸಿದ ಚಿತ್ರ ಆ ಪ್ರಶ್ನೆಗೆ ಏನು ಹೇಳೀತು? ಚಿತ್ರದ ಜೊತೆಗೆ ಜಾಗ, ತಾರೀಕು, ಗಂಟೆ, ನೋಡುತ್ತಿದ್ದ ದಿಕ್ಕು, ಇಷ್ಟನ್ನು ಬರೆದಿಡುವ ಅಭ್ಯಾಸ ಒಳ್ಳೆಯದು. ಹವ್ಯಾಸಿಗಳ ಸಾವಿರ ಚಿತ್ರಗಳಲ್ಲಿ ಯಾವುದಕ್ಕೆ ಯಾವಾಗ ಬೆಲೆ ಬರುವುದೋ ತೆಗೆಯುವವನಿಗೆ ತಿಳಿದಿರುವುದಿಲ್ಲ.

ಎತ್ತರದಿಂದ ತೆಗೆಯುವವರನ್ನು ಕುರಿತೂ ಒಂದು ಮಾತು. ಮೇಘದೂತದಲ್ಲಿ ಯಕ್ಷ ಮೋಡಕ್ಕೆ ದಾರಿ ಸುತ್ತಾದರೂ ಸರಿಯೆ, ಉಜ್ಜಯಿನಿಯ ಮೇಲೆ ಹಾದುಹೋಗು ಎನ್ನುತ್ತಾನೆ. ಅಲ್ಲಿ ನೋಡುವುದು ಮೋಡ; ನೋಡಿಸಿಕೊಳ್ಳುವುದು ಊರು. ಹತ್ತನೆಯ ಅಂತಸ್ತಿನ ಮೊಗಸಾಲೆಯಲ್ಲಿ ನಿಂತ ಛಾಯಾಗ್ರಾಹಕನೂ ಒಂದು ಬಗೆಯಲ್ಲಿ ಮೋಡವೇ. ಅವನ ವಿಶಾಲಕೋನದಲ್ಲಿ ಮನುಷ್ಯ ಚುಕ್ಕೆಯಾಗುತ್ತಾನೆ, ಮೊಣಕಾಲುದ್ದದ ನೀರು ಬೆಳ್ಳಿಯ ಗೆರೆಯಾಗುತ್ತದೆ. ಅಂಥ ಚಿತ್ರಗಳು ಸುಂದರವಾಗಿರಬಲ್ಲವು, ನಾನೂ ಮೆಚ್ಚಿದ್ದೇನೆ. ಆದರೆ ಮಳೆ ಯಾರ ಮೇಲೆ ಬೀಳುತ್ತಿದೆಯೆಂಬುದು ಅವುಗಳಲ್ಲಿ ತಿಳಿಯುವುದಿಲ್ಲ. ಅದೇ ಮಸೂರವನ್ನು ಹಿಡಿದು ಗಾಂಧಿಬಜಾರಿನ ಬೀದಿಗೆ ಇಳಿದು, ಗಾಳಿ ಎದ್ದ ಹೊತ್ತಿನಲ್ಲಿ ಹೂವಾಡಗಿತ್ತಿಯ ಬುಟ್ಟಿಯಿಂದ ಎರಡು ಮಾರು ದೂರದಲ್ಲಿ ಕೂತು ನೋಡಬೇಕು. ಆಕೆ ಪ್ಲಾಸ್ಟಿಕ್ ಹಾಳೆಯನ್ನು ಮಲ್ಲಿಗೆಯ ಮೇಲೆ ಎಳೆಯುತ್ತಿರುವ ಕೈ ಚಿತ್ರದಲ್ಲಿ ದೊಡ್ಡದಾಗಿ ಬರುತ್ತದೆ. ಹಿಂದೆ ಅಂಗಡಿಗಳ ಸಾಲು, ಟಾರ್ಪಾಲು ಇಳಿಸುತ್ತಿರುವ ಹುಡುಗ, ಅವಸರದ ಆಟೋ. ಅದರ ಮೇಲೆ ಕಪ್ಪುಮೋಡದ ಅಲಗು. ಮೋಡ ಈಗ ಸಣ್ಣದಾದರೂ ಬಾಧಕವಿಲ್ಲ. ಅದರ ದೊಡ್ಡಸ್ತಿಕೆಯನ್ನು ಆ ಕೈಯ ಆತುರ ಹೇಳುತ್ತಿದೆ. ಎರಡು ಎಚ್ಚರಿಕೆ ಮಾತ್ರ ಬೇಕು. ಚೌಕಟ್ಟಿನ ಮೂಲೆಗೆ ಮನುಷ್ಯರ ಮುಖ ಬಂದರೆ ವಿಶಾಲಕೋನ ಅದನ್ನು ಹಿಗ್ಗಿಸಿ ವಿಕಾರ ಮಾಡುತ್ತದೆ; ಆಕೆಯನ್ನು ಅಂಚಿನಿಂದ ಕೊಂಚ ಒಳಗೆ ಇರಿಸಿಕೊಳ್ಳಬೇಕು. ಇನ್ನೊಂದು, ಮೊದಲು ಅವಳನ್ನು ಕೇಳಬೇಕು. "ಒಂದು ಪಟ ತೆಗೀಲೇನಮ್ಮ?" ಎಂದರೆ, "ಮಳೆ ಬರೋ ಹೊತ್ತಲ್ಲಿ ಪಟ ಏನ್ ಬಂತು ಸ್ವಾಮಿ, ಎರಡು ಮೊಳ ತಗೊಳಿ" ಎಂಬ ಉತ್ತರ ಬರಬಹುದು. ಕೊಳ್ಳುವುದು ಕ್ಷೇಮ.

ಮಳೆ ನಿಂತು ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷದ ಇನ್ನೊಂದು ಅವಕಾಶ ಉಳಿದಿರುತ್ತದೆ. ಬಹಳಷ್ಟು ಮಂದಿ ಅಷ್ಟರಲ್ಲಿ ಮನೆಗೆ ಹೊರಟಿರುತ್ತಾರೆ. ಬೀದಿದೀಪಗಳು ಆಗತಾನೆ ಹೊತ್ತಿವೆ. ಚದುರಿದ ಮೋಡಗಳ ನಡುವೆ ಆಕಾಶ ಗಾಢ ನೀಲಿಗೆ ತಿರುಗಿದೆ. ಒದ್ದೆ ರಸ್ತೆ ಎರಡನ್ನೂ ತೋರಿಸುತ್ತಿದೆ. ಊರ ಬೆಳಕೂ ಮೇಲಿನ ಬೆಳಕೂ ಆ ಹೊತ್ತು ಒಂದೇ ತೂಕ. ಕೈ ಅಲುಗದಂತೆ ಕ್ಯಾಮೆರಾವನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿದು, ನಿಮಿಷಕ್ಕೊಂದರಂತೆ ತೆಗೆಯುತ್ತ ಹೋದರೆ ಇಪ್ಪತ್ತರಲ್ಲಿ ಒಂದೋ ಎರಡೋ ಸರಿಯಾಗಿ ಬಂದಿರುತ್ತವೆ. ಇಪ್ಪತ್ತೊಂದನೆಯದರಲ್ಲಿ ಆಕಾಶ ಇರುವುದಿಲ್ಲ, ದೀಪಗಳು ಮಾತ್ರ ಇರುತ್ತವೆ.